15 ಕೆಜಿ ಟೊಮೆಟೊ ಬಾಕ್ಸ್ ಮತ್ತು ನಾಲ್ಕು ಬೈಟ್: ಸಿ ಭಾಷೆಯಲ್ಲಿ ಸಾಕೆಟ್ ಮೂಲಕ ಬೈನರಿ ಡೇಟಾ ಕಳಿಸುವ ಬಗೆ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ನನ್ನ ಪರಿಚಯದವರದ್ದೊಂದು ಟೊಮೆಟೊ ಮಂಡಿ ಇದೆ. ಬಾಗಿಲ ಪಕ್ಕ ತೂಕದ ಯಂತ್ರ, ಅದಕ್ಕೆ ತಗುಲಿಸಿದ ಅಂಗೈಯಗಲದ ಲಿನಕ್ಸ್ ಬೋರ್ಡ್. ಹಿಂದುಗಡೆ ಆಫೀಸಿನಲ್ಲಿ ಕಂಪ್ಯೂಟರ್. ತೂಕ ಅಲ್ಲಿಂದ ಇಲ್ಲಿಗೆ ಬರಬೇಕು, ಅಷ್ಟೇ ಕೆಲಸ. ಸಿ ಭಾಷೆಯಲ್ಲಿ ಎರಡು ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಎರಡೂ ಸಾಕೆಟ್ ಮೂಲಕ, ಅಂದರೆ ನೆಟ್‌ವರ್ಕಿನಲ್ಲಿ ಪ್ರೋಗ್ರಾಂಗಳು ಬೈಟ್ ಕೊಟ್ಟು ತೆಗೆದುಕೊಳ್ಳುವ ಕಿಂಡಿಯ ಮೂಲಕ, ಮಾತಾಡುತ್ತವೆ. ಮೊದಲ ದಿನ ಬೆಳಿಗ್ಗೆ ಹಮಾಲಿಯೊಬ್ಬರು ಒಂದು ಬಾಕ್ಸ್ ಎತ್ತಿ ಯಂತ್ರದ ಮೇಲಿಟ್ಟರು. ಸರಿಯಾಗಿ 15 ಕೆಜಿ. ಆಫೀಸಿನ ಪರದೆ ಮೇಲೆ ಬಂದಿದ್ದು 25,53,937 ಕೆಜಿ 920 ಗ್ರಾಂ.

ಲೆಕ್ಕ ಬರೆಯುವ ಹುಡುಗ ಪೆನ್ನು ಹಿಡಿದು ನನ್ನ ಮುಖ ನೋಡಿದ. "ಅಣ್ಣಾ, ರೈತ್ರು ಕಾಯ್ತಾವ್ರೆ. ಎಷ್ಟು ಅಂತ ಬರ್ಕೊಳ್ಳಿ?"

ಆ ಸಂಖ್ಯೆ ಎಲ್ಲಿಂದಲೋ ಬಂದ ಕಸ ಅಲ್ಲ. ಕಳಿಸಿದ ನಾಲ್ಕು ಬೈಟುಗಳು ಒಂದೂ ಹಾಳಾಗದೆ ತಲುಪಿದ್ದವು. ಆದರೆ ಕಳಿಸಿದವರು ಒಂದು ಕಡೆಯಿಂದ ಬರೆದಿದ್ದರು, ತೆಗೆದುಕೊಂಡವರು ಇನ್ನೊಂದು ಕಡೆಯಿಂದ ಓದಿದ್ದರು. ಎರಡೂ ಕಡೆಯ ಪ್ರೋಗ್ರಾಂ ನನ್ನದೇ, ಒಪ್ಪಂದ ಮಾತ್ರ ಇರಲಿಲ್ಲ. ಆವಣಿ ಜಾತ್ರೆಯ ದನದ ವ್ಯಾಪಾರ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರಲ್ವಾ, ಒಂದು ಬೆರಳು ಅಂದರೆ ನೂರೋ ಸಾವಿರವೋ ಅನ್ನೋದು ಇಬ್ಬರಿಗೂ ಮೊದಲೇ ಗೊತ್ತಿರಬೇಕು. ಬೆರಳಿನ ಮೇಲೆ ಏನೂ ಬರೆದಿರುವುದಿಲ್ಲ. ಬೈಟಿನ ಮೇಲೂ ಅಷ್ಟೇ.

ಈ ಲೇಖನದಲ್ಲಿ ಆ ಒಪ್ಪಂದವನ್ನು ಹೇಗೆ ಬರೆಯೋದು, ಅದರಂತೆ ಹೇಗೆ ಕಳಿಸೋದು, ಹೇಗೆ ಓದೋದು ಅಂತ ಒಂದೊಂದೇ ಹೆಜ್ಜೆ ಹೇಳುತ್ತೇನೆ. ಸಿ ಭಾಷೆಯ ಪಾಯಿಂಟರ್, ಅರೇ ನಿಮಗೆ ಗೊತ್ತು ಅಂದುಕೊಂಡಿದ್ದೇನೆ. ಫಂಕ್ಷನ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆ ಇಲ್ಲಿ ಬರೆದಿದ್ದೇನೆ, ಕೋಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಿಕೊಳ್ಳಿ.

ಮೊದಲು ಒಂದು ಪ್ರಶ್ನೆ: ಬೈನರಿ ಬೇಕಾ?

ಬೈನರಿ ಅಂದರೆ ಸಂಖ್ಯೆಯನ್ನು ಅಕ್ಷರವಾಗಿ ಬರೆಯದೆ ನೇರವಾಗಿ ಬೈಟುಗಳಲ್ಲಿ ಇಡೋದು. ದಿನಕ್ಕೆ ಹತ್ತು ಸಾಲು ಕಳಿಸುವ ಕೆಲಸವಾದರೆ ಬೇಡ. ಅಲ್ಪವಿರಾಮ ಹಾಕಿದ ಒಂದು ಸಾಲು ಅಕ್ಷರ ಕಳಿಸಿ, ಕೊನೆಯಲ್ಲಿ ಹೊಸ ಸಾಲಿನ ಗುರುತು ಇಡಿ, ಮುಗಿಯಿತು. ಕಣ್ಣಲ್ಲಿ ಓದಬಹುದು, ತಪ್ಪು ಬೇಗ ಸಿಗುತ್ತದೆ. ಬೈನರಿ ಬೇಕಾಗುವುದು ದಾಖಲೆಗಳು ಜಾಸ್ತಿ ಇದ್ದಾಗ, ಫೋಟೊ ಅಥವಾ ಧ್ವನಿ ಜೊತೆಗೆ ಬಂದಾಗ, ಚಿಕ್ಕ ಬೋರ್ಡಿನಲ್ಲಿ ಅಕ್ಷರ ಬಿಡಿಸಿ ಓದುವ ಕೆಲಸ ಉಳಿಸಬೇಕಾದಾಗ, ಅಥವಾ ಎದುರಿನ ಯಂತ್ರ ಬೈನರಿ ಬಿಟ್ಟು ಬೇರೇನೂ ಮಾತಾಡದಿದ್ದಾಗ. ನಮ್ಮ ಮಂಡಿಯಲ್ಲಿ ತೂಕದ ಜೊತೆ ಬಾಕ್ಸಿನ ಫೋಟೊ ಕೂಡ ಮುಂದೆ ಬರಬೇಕಿತ್ತು, ಹಾಗಾಗಿ ಈ ದಾರಿ ಹಿಡಿದೆ.

ಹೆಜ್ಜೆ 1: ಕಾಗದದ ಮೇಲೆ ಒಪ್ಪಂದ ಬರೆಯಿರಿ

ಎಡಿಟರ್ ತೆರೆಯಬೇಡಿ. ಒಂದು ಹಾಳೆ ತೆಗೆದುಕೊಳ್ಳಿ. ಯಾವ ಬೈಟಿನಲ್ಲಿ ಏನಿದೆ, ಎಷ್ಟು ಅಗಲ, ಯಾವ ಅಳತೆಯಲ್ಲಿ ಅಂತ ಬರೆಯಿರಿ. ನಮ್ಮದು ಹೀಗಿದೆ:

0ರಿಂದ 3: ಇದರ ನಂತರ ಎಷ್ಟು ಬೈಟ್ ಬರುತ್ತದೆ ಎಂಬ ಉದ್ದ
4: ಒಪ್ಪಂದದ ಆವೃತ್ತಿ, ಈಗ 1
5: ಸಂದೇಶದ ಬಗೆ (1 ಅಂದರೆ ತೂಕ, 2 ಅಂದರೆ ರಸೀದಿ)
6ರಿಂದ 9: ಕ್ರಮಸಂಖ್ಯೆ
10, 11: ಬಾಕ್ಸ್ ಎಣಿಕೆ
12ರಿಂದ 15: ತೂಕ, ಗ್ರಾಂನಲ್ಲಿ
16ರಿಂದ 23: ಸಮಯ, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು
24: ಊರಿನ ಹೆಸರು ಎಷ್ಟು ಬೈಟ್
25ರಿಂದ: ಊರಿನ ಹೆಸರು

ಎಲ್ಲ ಸಂಖ್ಯೆಗಳೂ ಅನ್‌ಸೈನ್ಡ್. ಅಂದರೆ ಮೈನಸ್ ಬೆಲೆ ಇಲ್ಲ. ಎಲ್ಲದರಲ್ಲೂ ದೊಡ್ಡ ಸ್ಥಾನದ ಬೈಟ್ ಮೊದಲು. ಈ ಕೊನೆಯ ಸಾಲೇ ನಾನು ಮೊದಲ ಸಲ ಬರೆಯದೆ ಬಿಟ್ಟಿದ್ದು.

ತೂಕವನ್ನು 15.0 ಅಂತ ಫ್ಲೋಟ್ ಆಗಿ ಯಾಕೆ ಇಡಲಿಲ್ಲ ಅಂದರೆ, ಫ್ಲೋಟಿನಲ್ಲಿ 0.1 ಅನ್ನೋದು ಸರಿಯಾಗಿ ಕೂರುವುದೇ ಇಲ್ಲ. ತೂಕ, ದುಡ್ಡು ಎರಡಕ್ಕೂ ಪೂರ್ಣಾಂಕವೇ ಸರಿ: ಕೆಜಿ ಬದಲು ಗ್ರಾಂ, ರೂಪಾಯಿ ಬದಲು ಪೈಸೆ. ರೈತರ ಲೆಕ್ಕ ಇದು, ಒಂದು ಗ್ರಾಂ ಕೂಡ ತೇಲಬಾರದು. ಸಮಯಕ್ಕೆ ಎಂಟು ಬೈಟ್ ಯಾಕೆ ಅಂದರೆ, 32 ಬಿಟ್‌ನ ಸೈನ್ಡ್ ಸಮಯ 2038ರ ಜನವರಿ 19ಕ್ಕೆ ಮುಗಿದುಹೋಗುತ್ತದೆ. ಅದೇನೂ ದೂರವಿಲ್ಲ.

ಹೆಜ್ಜೆ 2: ಬೈಟುಗಳನ್ನು ನೀವೇ ಇಡಿ

15 ಕೆಜಿ ಅಂದರೆ 15000 ಗ್ರಾಂ. ನಾಲ್ಕು ಬೈಟಿಗೆ ಒಡೆದರೆ 0, 0, 58, 152. ಯಾಕೆಂದರೆ 58ನ್ನು 256ರಿಂದ ಗುಣಿಸಿದರೆ 14848, ಅದಕ್ಕೆ 152 ಸೇರಿಸಿದರೆ 15000. ದೊಡ್ಡದು ಮೊದಲು ಬರುವ ಈ ಕ್ರಮಕ್ಕೆ ನೆಟ್‌ವರ್ಕ್ ಬೈಟ್ ಆರ್ಡರ್ ಅನ್ನುತ್ತಾರೆ. ಆದರೆ ಇಂಟೆಲ್, ಎಎಂಡಿ ಕಂಪ್ಯೂಟರುಗಳು, ನಮ್ಮ ಕೈಗೆ ಸಿಗುವ ಬಹುತೇಕ ಎಆರ್‌ಎಂ ಬೋರ್ಡುಗಳು ಮೆಮೊರಿಯಲ್ಲಿ ತಿರುಗಿಸಿ ಇಡುತ್ತವೆ: 152, 58, 0, 0. ನನ್ನ ಬೋರ್ಡ್ ಇದನ್ನು ಹಾಗೇ ಕಳಿಸಿತು. ಆಫೀಸಿನ ಪ್ರೋಗ್ರಾಂ ದೊಡ್ಡದು ಮೊದಲು ಅಂತ ನಂಬಿ ಓದಿತು. 152ನ್ನು 1,67,77,216ರಿಂದ, 58ನ್ನು 65,536ರಿಂದ ಗುಣಿಸಿ ಕೂಡಿಸಿ ನೋಡಿ. 255,39,37,920 ಗ್ರಾಂ ಬರುತ್ತದೆ. ಅವತ್ತು ಪರದೆ ಮೇಲೆ ಇದ್ದಿದ್ದು ಅದೇ.

ಇದಕ್ಕೆ ಎರಡು ದಾರಿ ಇವೆ. ಒಂದು, ಹೋಸ್ಟ್ ಟು ನೆಟ್‌ವರ್ಕ್ ಲಾಂಗ್ ಎಂಬುದನ್ನು ಚಿಕ್ಕದು ಮಾಡಿದ ಫಂಕ್ಷನ್ (htonl) ಬಳಸೋದು; ಓದುವಾಗ ಅದರ ಜೋಡಿ, ನೆಟ್‌ವರ್ಕ್ ಟು ಹೋಸ್ಟ್ ಲಾಂಗ್ (ntohl). ಎರಡು ಬೈಟಿಗೆ ಲಾಂಗ್ ಬದಲು ಶಾರ್ಟ್. ಇವು 16 ಮತ್ತು 32 ಬಿಟ್‌ಗೆ ಸಾಕು. ಇನ್ನೊಂದು ದಾರಿ, ಶಿಫ್ಟ್ ಮಾಡಿ ನೀವೇ ಇಡೋದು. ನನಗೆ ಎರಡನೆಯದೇ ಇಷ್ಟ. ಯಾವ ಯಂತ್ರದಲ್ಲಾದರೂ ಒಂದೇ ಉತ್ತರ ಕೊಡುತ್ತದೆ, ಎಂಟು ಬೈಟಿಗೂ ಅದೇ ರೀತಿ ನಡೆಯುತ್ತದೆ, ಕಾಗದದ ಮೇಲಿನ ಒಪ್ಪಂದ ಕೋಡಿನಲ್ಲಿ ಹಾಗೇ ಕಾಣುತ್ತದೆ.

ಬಫರ್[12] = (ತೂಕ >> 24) & 255;
ಬಫರ್[13] = (ತೂಕ >> 16) & 255;
ಬಫರ್[14] = (ತೂಕ >> 8) & 255;
ಬಫರ್[15] = ತೂಕ & 255;

ಇವು ಬರೀ ಉದಾಹರಣೆಯ ಸಾಲುಗಳಲ್ಲ. 2020ರಲ್ಲಿ ಬಂದ ಜಿಸಿಸಿ ಕಂಪೈಲರಿನ 10ನೇ ಆವೃತ್ತಿಯಿಂದ ಈಚೆಗೆ ವೇರಿಯಬಲ್ ಹೆಸರನ್ನು ನೇರವಾಗಿ ಕನ್ನಡದಲ್ಲೇ ಬರೆಯಬಹುದು. ಎರಡೂ ಹೆಸರುಗಳನ್ನು ಮೊದಲೇ ಡಿಕ್ಲೇರ್ ಮಾಡಿದ್ದರೆ ಮೇಲಿನ ನಾಲ್ಕೂ ಸಾಲು ಹೀಗೆಯೇ ಕಂಪೈಲ್ ಆಗುತ್ತವೆ. ನಮ್ಮ ಅಕ್ಷರದಲ್ಲಿ ತೂಕ ಅಂತ ಬರೆದು ಅದು ಓಡುವುದನ್ನು ನೋಡಿದಾಗ ನನಗೆ ತುಂಬಾ ಖುಷಿಯಾಯಿತು. ನೀವೂ ಒಂದು ಸಲ ಮಾಡಿ ನೋಡಿ.

ಓದುವಾಗ ಉಲ್ಟಾ:

ತೂಕ = ((ಧನ32) ಬಫರ್[12] << 24) | ((ಧನ32) ಬಫರ್[13] << 16) | ((ಧನ32) ಬಫರ್[14] << 8) | ಬಫರ್[15];

ಧನ32 ಅನ್ನೋದು ಅನ್‌ಸೈನ್ಡ್ 32 ಬಿಟ್ ಟೈಪಿಗೆ ನಾನು ಟೈಪ್‌ಡೆಫ್ ಮಾಡಿಕೊಂಡ ಹೆಸರು. ಆ ಕಾಸ್ಟ್ ಬಿಡಬೇಡಿ. ಬಿಟ್ಟರೆ ಬೈಟ್ ಮೊದಲು ಸೈನ್ಡ್ ಇಂಟ್ ಆಗುತ್ತದೆ, 24 ಮನೆ ಎಡಕ್ಕೆ ತಳ್ಳಿದಾಗ ಸೈನ್ ಬಿಟ್‌ಗೆ ಹೋಗಿ ಬೀಳಬಹುದು. ಆಮೇಲೆ ಏನಾಗುತ್ತದೆ ಅಂತ ಸಿ ಭಾಷೆ ಯಾವ ಮಾತೂ ಕೊಡುವುದಿಲ್ಲ.

ಬಫರ್ ಕೂಡ ಅನ್‌ಸೈನ್ಡ್ ಕ್ಯಾರ್ ಆಗಿರಲೇಬೇಕು. ಇದರಲ್ಲಿ ಒಂದು ಸೂಕ್ಷ್ಮ ಇದೆ, ಸ್ವಲ್ಪ ನಿಂತು ನೋಡೋಣ. ಬರೀ ಕ್ಯಾರ್ ಅಂತ ಬರೆದರೆ ಅದು ಸೈನ್ಡ್ ಆಗಬೇಕೋ ಅನ್‌ಸೈನ್ಡ್ ಆಗಬೇಕೋ ಅನ್ನೋದನ್ನು ಸಿ ಭಾಷೆ ಕಂಪೈಲರಿಗೆ ಬಿಟ್ಟಿದೆ. ಲಿನಕ್ಸಿನಲ್ಲಿ ಎಆರ್‌ಎಂ ಬೋರ್ಡಿನ ಕ್ಯಾರ್ ಅನ್‌ಸೈನ್ಡ್, ಇಂಟೆಲ್ ಕಂಪ್ಯೂಟರಿನ ಕ್ಯಾರ್ ಸೈನ್ಡ್. ಬೋರ್ಡಿನಲ್ಲಿ 152 ಅಂತ ಇದ್ದ ಬೈಟ್ ಆಫೀಸಿನ ಕಂಪ್ಯೂಟರಿನಲ್ಲಿ ಮೈನಸ್ 104 ಆಗುತ್ತದೆ. ಅದನ್ನು ಉಳಿದ ಬೈಟುಗಳ ಜೊತೆ ಆರ್ ಮಾಡಿದರೆ ಮೇಲಿನ ಬಿಟ್‌ಗಳೆಲ್ಲ 1 ಆಗಿ ಕೂತು, 15 ಕೆಜಿ ಬಾಕ್ಸಿನ ತೂಕ 429,49,67,192 ಗ್ರಾಂ ಅಂತ ಬರುತ್ತದೆ. ಅದೇ ಕೋಡ್ ಬೋರ್ಡಿನಲ್ಲಿ ಓಡಿಸಿದರೆ ಎಲ್ಲ ಸರಿ. ಇಂಥ ತಪ್ಪು ಹುಡುಕೋಕೆ ಇಡೀ ದಿನ ಹಿಡಿಯುತ್ತದೆ.

ಸ್ಟ್ರಕ್ಟನ್ನು ಹಾಗೇ ಎತ್ತಿ ಕಳಿಸಬೇಡಿ

ಇದನ್ನು ಬಹಳ ಜನ ಮಾಡುತ್ತಾರೆ. ಸ್ಟ್ರಕ್ಟಿನ ವಿಳಾಸ, ಅದರ ಸೈಜ್‌ಆಫ್, ಸೆಂಡ್‌ಗೆ ಕೊಟ್ಟರಾಯಿತು, ಒಂದೇ ಸಾಲು. ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ದಾಖಲೆಯಲ್ಲಿ ಆವೃತ್ತಿಯಿಂದ ಸಮಯದವರೆಗೆ 1, 1, 4, 2, 4, 8 ಬೈಟ್, ಒಟ್ಟು 20. ಇದನ್ನೇ ಸ್ಟ್ರಕ್ಟ್ ಮಾಡಿ ಸೈಜ್‌ಆಫ್ ಕೇಳಿದರೆ ಸಾಮಾನ್ಯವಾಗಿ 24 ಅನ್ನುತ್ತದೆ. ನಾಲ್ಕು ಬೈಟಿನ ಸಂಖ್ಯೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿ ಕೂರಬೇಕು ಅಂತ ಕಂಪೈಲರ್ ಮಧ್ಯೆ ಮಧ್ಯೆ ಖಾಲಿ ಬೈಟ್ ತುರುಕುತ್ತದೆ: ಬಗೆಯ ನಂತರ ಎರಡು, ಬಾಕ್ಸ್ ಎಣಿಕೆಯ ನಂತರ ಎರಡು. ಇನ್ನೊಂದು ಯಂತ್ರದ ಕಂಪೈಲರ್ ಬೇರೆ ಜಾಗದಲ್ಲಿ ತುರುಕಬಹುದು. ಆ ಖಾಲಿ ಜಾಗದಲ್ಲಿ ಹಳೆಯ ಮೆಮೊರಿಯ ಚೂರು ಏನಾದರೂ ಇದ್ದರೆ ಅದೂ ತಂತಿ ಮೇಲೆ ಹೋಗುತ್ತದೆ, ಪಾಸ್‌ವರ್ಡ್ ಆದರೂ ಸರಿ.

ಪ್ಯಾಕ್ಡ್ ಅಂತ ಗುರುತು ಹಾಕಿದರೆ ಖಾಲಿ ಜಾಗ ಹೋಗುತ್ತದೆ, ನಿಜ. ಬೈಟ್ ಕ್ರಮದ ಸಮಸ್ಯೆ ಹಾಗೇ ಉಳಿಯುತ್ತದೆ. ಬಫರಿನ 6ನೇ ಬೈಟಿನ ವಿಳಾಸವನ್ನು 32 ಬಿಟ್ ಪಾಯಿಂಟರಾಗಿ ಕಾಸ್ಟ್ ಮಾಡಿ ಓದೋದೂ ಬೇಡ; ಕೆಲವು ಬೋರ್ಡಿನಲ್ಲಿ ಪ್ರೋಗ್ರಾಂ ಅಲ್ಲೇ ಬಿದ್ದುಹೋಗುತ್ತದೆ. ಶಿಫ್ಟ್ ಬಳಸಿದವರಿಗೆ ಈ ಯಾವ ತಲೆನೋವೂ ಇಲ್ಲ.

ಹೆಜ್ಜೆ 3: ಊರಿನ ಹೆಸರು

ಹೆಸರುಗಳನ್ನು ಕನ್ನಡದಲ್ಲೇ ಕಳಿಸಿ. ಯುಟಿಎಫ್-8ರಲ್ಲಿ ಬೈಟ್ ಕ್ರಮದ ಗೊಂದಲ ಇಲ್ಲ, ಬಂದ ಹಾಗೆ ಕಾಪಿ ಮಾಡಿದರೆ ಸಾಕು. ಒಂದು ಎಚ್ಚರಿಕೆ ಮಾತ್ರ: ಉದ್ದ ಅಂದರೆ ಬೈಟಿನ ಉದ್ದ, ಅಕ್ಷರದ ಉದ್ದ ಅಲ್ಲ. ಮಾಲೂರು ಅಂತ ಬರೆದರೆ ಕಣ್ಣಿಗೆ ಮೂರು ಅಕ್ಷರ. ಯುನಿಕೋಡಿಗೆ ಅದು ಮ, ದೀರ್ಘ, ಲ, ಊಕಾರ, ರ, ಉಕಾರ, ಒಟ್ಟು ಆರು. ಕನ್ನಡದ ಪ್ರತಿಯೊಂದು ಗುರುತಿಗೂ ಮೂರು ಬೈಟ್, ಹಾಗಾಗಿ 18 ಬೈಟ್. ಹೆಸರಿನ ಉದ್ದಕ್ಕೆ ಒಂದು ಬೈಟ್ ಇಟ್ಟಿದ್ದೇವೆ, ಅಂದರೆ 255ರವರೆಗೆ, 85 ಗುರುತುಗಳು. ಊರಿನ ಹೆಸರಿಗೆ ಧಾರಾಳ.

ಈಗ ಲೆಕ್ಕ: ಉದ್ದದ ನಂತರದ ಸ್ಥಿರ ಭಾಗ 21 ಬೈಟ್, ಹೆಸರು 18. ಮೊದಲ ನಾಲ್ಕು ಬೈಟಿನಲ್ಲಿ 39 ಅಂತ ಇಡಬೇಕು: 0, 0, 0, 39. ಒಟ್ಟು ತಂತಿ ಮೇಲೆ ಹೋಗುವುದು 43 ಬೈಟ್.

ಎಷ್ಟು ಬೈಟ್ ಕಳಿಸಬೇಕು ಅಂತ ಕೇಳೋಕೆ ಸ್ಟ್ರ್‌ಲೆನ್ ಬಳಸಬೇಡಿ. ಅದು ಸೊನ್ನೆ ಬೈಟ್ ಕಂಡ ಕೂಡಲೇ ನಿಲ್ಲುತ್ತದೆ. ನಮ್ಮ ದಾಖಲೆಯ ಮೊದಲ ಬೈಟೇ ಸೊನ್ನೆ, ಅಂದರೆ ಅದರ ಪ್ರಕಾರ ಕಳಿಸಲು ಏನೂ ಇಲ್ಲ. ಬೈನರಿಯಲ್ಲಿ ಸೊನ್ನೆಯೂ ಒಂದು ಬೆಲೆ. ಉದ್ದವನ್ನು ನೀವೇ ಎಣಿಸಿ ಇಟ್ಟುಕೊಳ್ಳಿ, ಸ್ಟ್ರ್ ಅಂತ ಶುರುವಾಗುವ ಯಾವ ಫಂಕ್ಷನನ್ನೂ ಈ ಬಫರಿನ ಹತ್ತಿರ ಬಿಡಬೇಡಿ. ಕಾಪಿಗೆ ಮೆಮ್‌ಕಾಪಿ.

ಹೆಜ್ಜೆ 4: ಕನೆಕ್ಷನ್

ಇದು ಎಲ್ಲರೂ ಮಾಡುವ ಹಾಗೆಯೇ. ಆಫೀಸಿನ ಕಡೆ ಸಾಕೆಟ್, ಬೈಂಡ್, ಲಿಸನ್, ಆಕ್ಸೆಪ್ಟ್. ಬೋರ್ಡಿನ ಕಡೆ ಸಾಕೆಟ್, ಕನೆಕ್ಟ್. ಪೋರ್ಟ್ 1024ಕ್ಕಿಂತ ಮೇಲಿನದು ಇಟ್ಟುಕೊಳ್ಳಿ, ಕೆಳಗಿನವಕ್ಕೆ ರೂಟ್ ಅನುಮತಿ ಬೇಕಾಗುತ್ತದೆ. ಬೈಂಡ್‌ಗೆ ಮೊದಲು ರೀಯೂಸ್ ಅಡ್ರೆಸ್ ಆಯ್ಕೆ ಹಾಕಿ. ಇಲ್ಲದಿದ್ದರೆ ಪ್ರೋಗ್ರಾಂ ನಿಲ್ಲಿಸಿ ತಕ್ಷಣ ಶುರು ಮಾಡಿದಾಗ ವಿಳಾಸ ಬಳಕೆಯಲ್ಲಿದೆ ಅಂತ ಹಠ ಹಿಡಿಯುತ್ತದೆ. ಪ್ರತಿಯೊಂದರ ಉತ್ತರವೂ ಮೈನಸ್ 1 ಬಂತಾ ಅಂತ ನೋಡಿ, ಬಂದರೆ ಆ ಕೆಲಸ ಆಗಿಲ್ಲ ಅಂತ ಅರ್ಥ.

ಹೆಜ್ಜೆ 5: ಕಳಿಸೋದು

ಸೆಂಡ್‌ಗೆ 43 ಬೈಟ್ ಕೊಟ್ಟರೆ 43ನ್ನೂ ಒಂದೇ ಏಟಿಗೆ ತೆಗೆದುಕೊಳ್ಳುತ್ತದೆ ಅಂತ ಗ್ಯಾರಂಟಿ ಇಲ್ಲ. ಎಷ್ಟು ತೆಗೆದುಕೊಂಡೆ ಅಂತ ಅದೇ ಹೇಳುತ್ತದೆ, ಉಳಿದಿದ್ದನ್ನು ನೀವು ಮತ್ತೆ ಕೊಡಬೇಕು.

ಹೋಗಿದ್ದು = 0
ಹೋಗಿದ್ದು ಒಟ್ಟಿಗಿಂತ ಕಡಿಮೆ ಇರುವವರೆಗೆ:
  ಈಗ = ಸೆಂಡ್(ಸಾಕೆಟ್, ಬಫರ್ + ಹೋಗಿದ್ದು, ಒಟ್ಟು - ಹೋಗಿದ್ದು, ಫ್ಲ್ಯಾಗ್)
  ಈಗ ಮೈನಸ್ ಆಗಿದ್ದರೆ: ಎರ್ರ್‌ನೋ ನೋಡು, ಸಿಗ್ನಲ್ ಅಡ್ಡ ಬಂದಿದ್ದರೆ ಮತ್ತೆ ಪ್ರಯತ್ನಿಸು, ಬೇರೆ ಕಾರಣವಾದರೆ ಕನೆಕ್ಷನ್ ಮುಚ್ಚು
  ಹೋಗಿದ್ದು = ಹೋಗಿದ್ದು + ಈಗ

ಫ್ಲ್ಯಾಗ್ ಜಾಗದಲ್ಲಿ ಲಿನಕ್ಸಿನ ನೋಸಿಗ್ನಲ್ ಹಾಕಿ. ಎದುರಿನವರು ಕನೆಕ್ಷನ್ ಮುಚ್ಚಿದ ಮೇಲೆ ನೀವು ಬರೆಯುತ್ತಾ ಹೋದರೆ ಸಿಗ್‌ಪೈಪ್ ಎಂಬ ಸಿಗ್ನಲ್ ಬಂದು ನಿಮ್ಮ ಪ್ರೋಗ್ರಾಮನ್ನೇ ಕೊಂದುಬಿಡುತ್ತದೆ. ನೀವು ಹಾಕಿಟ್ಟ ಯಾವ ದೋಷದ ಸಂದೇಶವೂ ಬರುವುದಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಪ್ರೋಗ್ರಾಂ ಇರುವುದೇ ಇಲ್ಲ, ಅಷ್ಟೇ. ಫ್ಲ್ಯಾಗ್ ಹಾಕಿದರೆ ಸಾಯುವ ಬದಲು ಮೈನಸ್ 1 ವಾಪಸ್ ಬರುತ್ತದೆ, ನೀವು ಮತ್ತೆ ಕನೆಕ್ಟ್ ಮಾಡಬಹುದು.

ಹೆಜ್ಜೆ 6: ಓದೋದು

ಇಡೀ ವಿಷಯದ ಗಂಟು ಇಲ್ಲಿದೆ. ನಮ್ಮ ಸಾಕೆಟ್ ಬೈಟ್ ಸಾಗಿಸಲು ಬಳಸುವ ನಿಯಮಕ್ಕೆ ಟಿಸಿಪಿ ಅಂತ ಹೆಸರು. ಅದಕ್ಕೆ ನಿಮ್ಮ ದಾಖಲೆ ಅಂದರೆ ಏನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದರ ಹಿಂದೆ ಒಂದು ಬೈಟ್. ಮನೆ ಮೇಲಿನ ತೊಟ್ಟಿಗೆ ಮೂರು ಬಿಂದಿಗೆ ನೀರು ಸುರಿಯಿರಿ. ಕೆಳಗೆ ನಲ್ಲಿಯಲ್ಲಿ ಅದು ಮೂರು ಬಿಂದಿಗೆಯಾಗಿ ಬರುತ್ತದಾ? ನೀರು ಬರುತ್ತದೆ, ಒಂದು ಹನಿ ಹೋಗಿರುವುದಿಲ್ಲ, ಆದರೆ ಯಾವ ಬಿಂದಿಗೆ ಎಲ್ಲಿ ಮುಗಿಯಿತು ಅನ್ನೋದು ನೀರಿಗೆ ಗೊತ್ತಿಲ್ಲ. ಮೂರು ಸಲ 43 ಬೈಟ್ ಕಳಿಸಿದರೆ ಎದುರಿಗೆ ಒಂದೇ ಸಲ 129 ಬರಬಹುದು. 50, 79 ಅಂತ ಬರಬಹುದು. 2, 127 ಅಂತಲೂ ಬರಬಹುದು, ಆಗ ಉದ್ದದ ನಾಲ್ಕು ಬೈಟೇ ಅರ್ಧಕ್ಕೆ ತುಂಡಾಗಿರುತ್ತದೆ.

ಅದಕ್ಕೇ ಮೊದಲಿಗೆ ಉದ್ದ ಇಟ್ಟಿದ್ದು. ಇಷ್ಟು ಬೈಟ್ ಬರುವವರೆಗೂ ಬಿಡದೆ ಓದುವ ಒಂದು ಫಂಕ್ಷನ್ ಬರೆದುಕೊಳ್ಳಿ. ನಾನು ಅದಕ್ಕೆ ಪೂರ್ತಿ_ಓದು ಅಂತ ಹೆಸರಿಟ್ಟಿದ್ದೇನೆ. ಒಳಗೆ ಸೆಂಡ್‌ನ ಹಾಗೇ ಲೂಪ್, ಸೆಂಡ್ ಬದಲು ರಿಸೀವ್. ಒಂದೇ ವ್ಯತ್ಯಾಸ: ರಿಸೀವ್ ಸೊನ್ನೆ ಕೊಟ್ಟರೆ ಎದುರಿನವರು ಮುಚ್ಚಿದ್ದಾರೆ ಅಂತ ಅರ್ಥ. ಒಂದು ದಾಖಲೆ ಮುಗಿದು ಇನ್ನೊಂದು ಶುರುವಾಗುವ ಮೊದಲು ಸೊನ್ನೆ ಬಂದರೆ ಅದು ಸರಿಯಾದ ಮುಕ್ತಾಯ. 43ರಲ್ಲಿ 20 ಓದಿದ ಮೇಲೆ ಬಂದರೆ ದಾಖಲೆ ಅರ್ಧಕ್ಕೆ ನಿಂತಿದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಈ ಎರಡನ್ನೂ ಬೇರೆ ಬೇರೆ ಉತ್ತರವಾಗಿ ವಾಪಸ್ ಕೊಡಿ.

ಪೂರ್ತಿ ಬರುವವರೆಗೆ ಕಾಯುವ ವೇಟ್‌ಆಲ್ ಎಂಬ ಫ್ಲ್ಯಾಗ್ ರಿಸೀವ್‌ಗೆ ಇದೆ. ಆದರೆ ಸಿಗ್ನಲ್ ಅಡ್ಡ ಬಂದರೆ ಅದೂ ಕಡಿಮೆ ಕೊಡಬಹುದು. ಹೇಗೂ ಲೂಪ್ ಬೇಕು, ಹಾಗಾಗಿ ನಾನು ಆ ಫ್ಲ್ಯಾಗ್ ಬಿಟ್ಟಿದ್ದೇನೆ.

ಈಗ ಓದುವ ಕ್ರಮ. ಮೊದಲು ನಾಲ್ಕು ಬೈಟ್ ಓದಿ, ಉದ್ದ ಲೆಕ್ಕ ಹಾಕಿ. ಆಮೇಲೆ ಅಷ್ಟು ಬೈಟ್ ಓದುವ ಮೊದಲು ಒಂದು ಕ್ಷಣ ತಡೆಯಿರಿ: ಆ ಉದ್ದವನ್ನು ನಂಬಬಹುದಾ? ಯಾರೋ ಬ್ರೌಸರಿನಲ್ಲಿ ನಿಮ್ಮ ಪೋರ್ಟ್ ತೆರೆದರು ಅಂದುಕೊಳ್ಳಿ. ಬ್ರೌಸರ್ ಮೊದಲು ಕಳಿಸುವುದು ಜಿ, ಇ, ಟಿ ಮತ್ತು ಒಂದು ಖಾಲಿ ಜಾಗ. ಬೈಟಿನಲ್ಲಿ 71, 69, 84, 32. ನಮ್ಮ ಒಪ್ಪಂದದ ಪ್ರಕಾರ ಓದಿದರೆ ಉದ್ದ 119 ಕೋಟಿ 57 ಲಕ್ಷ 25 ಸಾವಿರದ 856. ನಿಮ್ಮ ಪ್ರೋಗ್ರಾಂ ಮರುಮಾತಿಲ್ಲದೆ ಒಂದು ಜಿಬಿಗಿಂತ ಜಾಸ್ತಿ ಮೆಮೊರಿಗೆ ಮ್ಯಾಲಕ್ ಕರೆಯುತ್ತದೆ. ಬಫರ್ ಚಿಕ್ಕದಿದ್ದು ಉದ್ದ ನೋಡದೆ ಓದಿದರೆ ಇನ್ನೂ ಕೆಟ್ಟದು, ಬೇರೆಯವರ ಬೈಟುಗಳು ನಿಮ್ಮ ಮೆಮೊರಿ ಮೇಲೆ ಹರಿದುಹೋಗುತ್ತವೆ.

ನಮ್ಮಲ್ಲಿ ತೂಕದ ದಾಖಲೆ 21ಕ್ಕಿಂತ ಕಡಿಮೆ ಇರಲಾರದು, 276ಕ್ಕಿಂತ ಜಾಸ್ತಿ ಇರಲಾರದು: 21ಕ್ಕೆ 255 ಸೇರಿಸಿದರೆ ಅಷ್ಟೇ. ಈ ಮಿತಿ ದಾಟಿದರೆ ಮಾತಿಲ್ಲದೆ ಕನೆಕ್ಷನ್ ಮುಚ್ಚಿ. ಬಫರ್ 280 ಬೈಟ್ ಇದ್ದರೆ ಸಾಕು. ಓದಿದ ಮೇಲೆ ಆವೃತ್ತಿ 1 ಹೌದಾ ನೋಡಿ. 24ನೇ ಬೈಟಿನಲ್ಲಿರುವ ಹೆಸರಿನ ಉದ್ದಕ್ಕೆ 21 ಕೂಡಿಸಿದರೆ ಒಟ್ಟು ಉದ್ದಕ್ಕೆ ತಾಳೆ ಆಗುತ್ತದಾ ಅಂತಲೂ ನೋಡಿ. ಹೆಸರು 200 ಬೈಟ್ ಅಂತ ಹೇಳಿ ಬರೀ 18 ಕಳಿಸಿದರೆ, ತಾಳೆ ನೋಡದ ಪ್ರೋಗ್ರಾಂ ಬಫರಿನಲ್ಲಿ ಉಳಿದ ಹಿಂದಿನ ರೈತರ ದಾಖಲೆಯನ್ನೂ ಸೇರಿಸಿ ಓದುತ್ತದೆ.

ಟಿಸಿಪಿ ಬದಲು ಬಳಸಬಹುದಾದ ಯುಡಿಪಿಯಲ್ಲಿ ಈ ತುಂಡಾಗುವ ಗೋಜು ಇಲ್ಲ, ಒಂದು ಕಳಿಸಿದರೆ ಒಂದೇ ಬರುತ್ತದೆ. ಆದರೆ ಬರದೇ ಇರಬಹುದು, ಹಿಂದುಮುಂದಾಗಿ ಬರಬಹುದು. ತೂಕದ ಲೆಕ್ಕಕ್ಕೆ ನಾನು ಅದನ್ನು ಮುಟ್ಟುವುದಿಲ್ಲ.

ಹೆಜ್ಜೆ 7: ರಸೀದಿ

ಸೆಂಡ್ 43 ಅಂತ ಉತ್ತರ ಕೊಟ್ಟರೆ ಆಫೀಸಿಗೆ ತಲುಪಿತು ಅಂತ ಅರ್ಥ ಅಲ್ಲ. ನಿಮ್ಮದೇ ಬೋರ್ಡಿನ ಕರ್ನಲ್ (ಲಿನಕ್ಸಿನ ತಿರುಳು) 43 ಬೈಟನ್ನು ತನ್ನ ಜೇಬಿಗೆ ಹಾಕಿಕೊಂಡಿತು ಅಂತ ಅಷ್ಟೇ. ಆ ಹೊತ್ತಿಗೆ ಆಫೀಸಿನಲ್ಲಿ ಕರೆಂಟ್ ಹೋಗಿರಬಹುದು. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಮೂಟೆ ಇಳಿಸಿದ ಮೇಲೆ ಚೀಟಿ ಕೈಗೆ ಬರುವವರೆಗೂ ರೈತರು ಮಂಡಿ ಬಿಟ್ಟು ಹೋಗುತ್ತಾರಾ? ಇಲ್ಲಿಯೂ ಚೀಟಿ ಬೇಕು.

ರಸೀದಿ ಅಂದರೆ ಬಗೆ 2ರ ಸಂದೇಶ: ಉದ್ದ, ಆವೃತ್ತಿ, ಬಗೆ, ಮತ್ತು ಯಾವ ಕ್ರಮಸಂಖ್ಯೆ ತಲುಪಿತು ಅನ್ನೋದು. ಒಟ್ಟು 10 ಬೈಟ್. ಆಫೀಸಿನ ಪ್ರೋಗ್ರಾಂ ದಾಖಲೆಯನ್ನು ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ ಡಿಸ್ಕಿಗೆ ಇಳಿಸಿದ ಮೇಲೆ ಮಾತ್ರ ರಸೀದಿ ಕಳಿಸಬೇಕು. ಬೋರ್ಡ್ ಕಡೆ ರಸೀದಿ ಬರುವವರೆಗೆ ದಾಖಲೆ ಅಳಿಸಬಾರದು. ಬರದಿದ್ದರೆ ಕನೆಕ್ಷನ್ ಮುಚ್ಚಿ, ಹೊಸದಾಗಿ ಕನೆಕ್ಟ್ ಮಾಡಿ, ಅದೇ ಕ್ರಮಸಂಖ್ಯೆಯಲ್ಲಿ ಮತ್ತೆ ಕಳಿಸಬೇಕು. ರಸೀದಿಯೇ ದಾರಿಯಲ್ಲಿ ಕಳೆದುಹೋಗಿದ್ದರೆ ಆಫೀಸಿಗೆ ಒಂದೇ ದಾಖಲೆ ಎರಡು ಸಲ ಬರುತ್ತದೆ. ಕ್ರಮಸಂಖ್ಯೆ ನೋಡಿ ಎರಡನೆಯದನ್ನು ಬರೆದುಕೊಳ್ಳದೆ ರಸೀದಿ ಮಾತ್ರ ಮತ್ತೆ ಕೊಟ್ಟರಾಯಿತು. ಒಂದು ಬಾಕ್ಸಿಗೆ ಎರಡು ಸಲ ದುಡ್ಡು ಹೋಗಬಾರದು, ಒಂದು ಬಾಕ್ಸೂ ಬಿಟ್ಟುಹೋಗಬಾರದು.

ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನು ಕರ್ನಲ್‌ಗೆ ಬಿಡಬೇಡಿ. ತಂತಿ ಕಿತ್ತುಹೋದರೆ ಲಿನಕ್ಸ್ ಸುಮಾರು 15 ನಿಮಿಷ ಮತ್ತೆ ಮತ್ತೆ ಕಳಿಸಿ ನೋಡಿ ಆಮೇಲೆ ಕೈಬಿಡುತ್ತದೆ. ಬರೀ ಓದುತ್ತಾ ಕೂತ ಕಡೆಗಂತೂ ಎದುರಿನವರು ಇಲ್ಲ ಅಂತ ಗೊತ್ತೇ ಆಗುವುದಿಲ್ಲ. ಕೀಪ್‌ಅಲೈವ್ ಆಯ್ಕೆ ಹಾಕಿದರೂ ಮೊದಲ ವಿಚಾರಣೆಗೆ ಎರಡು ಗಂಟೆ, ಅದನ್ನು ನೀವೇ ಇಳಿಸಬೇಕು. ಬೋರ್ಡಿನ ಸಾಕೆಟ್‌ಗೆ ರಿಸೀವ್ ಟೈಮ್‌ಔಟ್ ಆಯ್ಕೆಯಲ್ಲಿ ಐದು ಸೆಕೆಂಡ್ ಇಟ್ಟಿದ್ದೇನೆ.

ಇದೆಲ್ಲ ಮಂಡಿಯ ಒಳಗಿನ ತಂತಿಗೆ. ಹೊರಗಿನ ಇಂಟರ್‌ನೆಟ್ ಮೇಲೆ ಕಳಿಸುವುದಾದರೆ ಇದೇ ಬೈಟುಗಳನ್ನು ಟಿಎಲ್‌ಎಸ್ ಎಂಬ ಗೂಢಲಿಪಿ ಹೊದಿಕೆಯ ಒಳಗೆ ಹಾಕಿ ಕಳಿಸಿ. ಬಿಚ್ಚಿಟ್ಟ ಬೈಟನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಹೆಜ್ಜೆ 8: ಕೆಡಿಸಿ ನೋಡಿ

ಎರಡೂ ಪ್ರೋಗ್ರಾಮನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ಓಡಿಸಿ ಸರಿ ಇದೆ ಅಂತ ನಂಬಬೇಡಿ. ಲಿನಕ್ಸಿನ ಒಳದಾರಿಯಲ್ಲಿ, ಅಂದರೆ 127.0.0.1 ವಿಳಾಸದಲ್ಲಿ, ಒಂದು ಪ್ಯಾಕೆಟ್ 65,536 ಬೈಟಿನವರೆಗೆ ಹೋಗುತ್ತದೆ. ಹೊರಗಿನ ಈಥರ್‌ನೆಟ್ ತಂತಿಯಲ್ಲಿ 1500, ಹೆಡರ್ ಕಳೆದರೆ ನಿಮಗೆ ಸಿಗುವುದು ಹೆಚ್ಚೆಂದರೆ 1460. ಲ್ಯಾಪ್‌ಟಾಪಿನಲ್ಲಿ ಇಡಿಯಾಗಿ ಬಂದ ಫೋಟೊ ಮಂಡಿಯಲ್ಲಿ ಚೂರು ಚೂರಾಗಿ ಬರುವುದು ಇದಕ್ಕೇ.

ಅದಕ್ಕೆ ಚೂರು ಮಾಡುವ ಕೆಲಸ ನೀವೇ ಮಾಡಿ. ಪರೀಕ್ಷೆಗೆ ಅಂತ ಇನ್ನೊಂದು ಕಳಿಸುವ ಪ್ರೋಗ್ರಾಂ ಬರೆಯಿರಿ: 43 ಬೈಟನ್ನು ಒಂದೊಂದೇ ಕಳಿಸಿ, ಮಧ್ಯೆ 50 ಮಿಲಿಸೆಕೆಂಡ್ ನಿಲ್ಲಿಸಿ. ಆಮೇಲೆ ಮೂರು ದಾಖಲೆ ಅಂಟಿಸಿ 129 ಬೈಟ್ ಒಟ್ಟಿಗೆ ಕಳಿಸಿ. ಆಮೇಲೆ 20 ಬೈಟ್ ಕಳಿಸಿ ಮುಚ್ಚಿಬಿಡಿ. ಉದ್ದದಲ್ಲಿ ಸೊನ್ನೆ ಇಟ್ಟು ಕಳಿಸಿ, 71, 69, 84, 32 ಇಟ್ಟು ಕಳಿಸಿ. ಇಷ್ಟರಲ್ಲೂ ಆಫೀಸಿನ ಪ್ರೋಗ್ರಾಂ ಬೀಳದೆ ನಿಂತರೆ, ಕೊನೆಗೆ ಬೋರ್ಡಿನಿಂದ ದಾಖಲೆ ಹೋಗುತ್ತಿರುವಾಗಲೇ ತಂತಿ ಕಿತ್ತು ಹತ್ತು ಸೆಕೆಂಡ್ ಬಿಟ್ಟು ಹಾಕಿ. ಎರಡೂ ಕಡೆಯ ಫೈಲಿನಲ್ಲಿ ಕ್ರಮಸಂಖ್ಯೆಗಳನ್ನು ಎಣಿಸಿ, ಎಣಿಕೆ ಒಂದೇ ಇರಬೇಕು.

ಎಲ್ಲೋ ತಪ್ಪಿದರೆ ಯಾವ ಕಡೆಯದು ಅಂತ ಊಹೆ ಮಾಡುತ್ತಾ ಕೂರಬೇಡಿ. ಆಫೀಸಿನ ಪ್ರೋಗ್ರಾಂ ನಿಲ್ಲಿಸಿ, ಅದೇ ಪೋರ್ಟಿನಲ್ಲಿ ನೆಟ್‌ಕ್ಯಾಟ್ ಎಂಬ ಕಮಾಂಡ್ ಕೂರಿಸಿ, ಬಂದಿದ್ದನ್ನು ಫೈಲಿಗೆ ಹಾಕಿ. ಆ ಫೈಲನ್ನು ಓಡಿ (od) ಎಂಬ ಕಮಾಂಡಿಗೆ ಕೊಟ್ಟು, ಬೈಟುಗಳನ್ನು ಅನ್‌ಸೈನ್ಡ್ ದಶಮಾನದಲ್ಲಿ ಒಂದೊಂದಾಗಿ ತೋರಿಸು ಅನ್ನಿ. ರಸೀದಿ ಸಿಗದೆ ಬೋರ್ಡ್ ಐದು ಸೆಕೆಂಡಿಗೆ ಕೈಬಿಡುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಪರದೆ ಮೇಲೆ 43 ಸಂಖ್ಯೆಗಳು ಬರುತ್ತವೆ. ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಬೆರಳಿಟ್ಟು ಎಣಿಸಿ: 0, 0, 0, 39, ಆಮೇಲೆ 1, ಇನ್ನೊಂದು 1, ಕ್ರಮಸಂಖ್ಯೆಯ ನಾಲ್ಕು, ಬಾಕ್ಸಿನ ಎರಡು. ಅದರ ಮುಂದಿನ ನಾಲ್ಕು ತೂಕ. ಅಲ್ಲಿ 152, 58, 0, 0 ಅಂತ ಕಂಡರೆ ತಪ್ಪು ಬೋರ್ಡಿನ ಕಡೆ. ಅವತ್ತು ಮಧ್ಯಾಹ್ನ ನನಗೆ ಕಂಡಿದ್ದು ಅದೇ. ಶಿಫ್ಟಿನ ನಾಲ್ಕು ಸಾಲು ಹಾಕಿ ಮತ್ತೆ ಕಂಪೈಲ್ ಮಾಡಿ, ಅದೇ ಬಾಕ್ಸನ್ನು ಮತ್ತೆ ಯಂತ್ರದ ಮೇಲೆ ಇಡಿಸಿದೆ. 0, 0, 58, 152. ಹುಡುಗ ಪುಸ್ತಕದಲ್ಲಿ 15 ಕೆಜಿ ಅಂತ ಬರೆದುಕೊಂಡು ಮುಂದಿನ ಬಾಕ್ಸಿಗೆ ಕೂಗು ಹಾಕಿದ.